ನಡುಮನೆಯಲ್ಲಿ ನಡುನೋವು

ಸೊಂಟನೋವು ಬಂದ ಮೇಲೆಯೇ ನನಗೆ ಗೊತ್ತಾದದ್ದು, ನಮ್ಮ ಚನ್ನರಾಯಪಟ್ಟಣದಲ್ಲಿ ವೈದ್ಯರಲ್ಲದವರು ಯಾರೂ ಇಲ್ಲವೆಂದು. ನಾನು ಕೆಲಸ ಮಾಡುವ ಕಾಲೇಜು ಕಚೇರಿಯಲ್ಲಿ ಜವಾನರಿಂದ ಪ್ರಾಂಶುಪಾಲರವರೆಗೆ ಒಬ್ಬೊಬ್ಬರದೂ ಒಂದೊಂದು ಎಣ್ಣೆ. ಎಲ್ಲವನ್ನೂ ಹಚ್ಚಿದೆ. ನೋವು ಹೋಗಲಿಲ್ಲ, ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಮಾತ್ರ ಸೀರೆಗೆ ಅಂಟಿತು. ನೆಲಕ್ಕೆ ಕೂರಲಾಗದೆ, ಎಂದೂ ತಪ್ಪಿಸದ ರುದ್ರಪಟ್ಟಣದ ಸಂಗೀತೋತ್ಸವಕ್ಕೂ ಎರಡು ವರ್ಷ ಹೋಗಲಿಲ್ಲ. ನನಗೆ ನೋವಿಗಿಂತ ಹೆಚ್ಚು ನೋವಾದದ್ದು ಅದು.

ಕೊನೆಗೆ ಹಾಸನದಲ್ಲಿ ಫಿಸಿಯೋಥೆರಪಿ ಮಾಡುವ ಹುಡುಗಿಯೊಬ್ಬಳ ಬಳಿ ಹೋದೆ. ಆಕೆ ಎಣ್ಣೆಯ ಹೆಸರೆತ್ತಲಿಲ್ಲ. "ಮೇಡಂ, ನೋವು ಅಂತ ಮಲಗ್ಬೇಡಿ. ದಿನಾ ಸ್ವಲ್ಪ ನಡೀರಿ, ಈ ನಾಲ್ಕು ವ್ಯಾಯಾಮ ಮಾಡಿ. ನಿಧಾನ ಆದ್ರೂ ಪರವಾಗಿಲ್ಲ, ಬಿಡ್ಬೇಡಿ" ಎಂದಳು. ಮೂರು ದಿನ ಬಿಡಲಿಲ್ಲ. ನಾಲ್ಕನೆಯ ದಿನ ಹಿಡಿಯಲಿಲ್ಲ. ತಿಂಗಳ ನಂತರ ಆಕೆ ವಿಚಾರಿಸಿದಾಗ, "ದಿನಾ ಮಾಡ್ತೀನಮ್ಮ" ಎಂದು ಕಣ್ಣು ಮಿಟುಕಿಸದೆ ಹೇಳಿದೆ. "ಒಂದ್ಸಲ ಮಾಡಿ ತೋರ್ಸಿ" ಎಂದಳು. ಅಂಗೈ, ಮಂಡಿ ನೆಲಕ್ಕೂರಿ, ಬಲಗೈ ಜೊತೆ ಎಡಗಾಲು ಎತ್ತುವ ಬದಲು ಬಲಗಾಲನ್ನೇ ಎತ್ತಿ, ಮೂಟೆಯಂತೆ ಪಕ್ಕಕ್ಕೆ ಉರುಳಿದೆ. ಆಕೆ ನಗಲಿಲ್ಲ. ನಕ್ಕಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ನಡುಮನೆಯಲ್ಲಿ ಚಾಪೆ ಹಾಸಿ ಮಂಡಿಯೂರಿ, ಈ ಸಲ ಸರಿಯಾದ ಕೈಕಾಲು ಚಾಚಿ ಅಲ್ಲಾಡದೆ ಇದ್ದೆ. ಹಾಲು ಕೊಡಲು ಬಂದ ಪಕ್ಕದ ಮನೆಯ ಜಯಮ್ಮ ಬಾಗಿಲಲ್ಲೇ ಚೀರಿದಳು: "ಅಯ್ಯಯ್ಯೋ, ಬನ್ರಪ್ಪೋ! ಮೇಡಮ್ಮೋರು ಅಂಗೇ ಸೆಟ್ಕೊಂಬುಟ್ಟವ್ರೆ!" ಬಚ್ಚಲಿನಿಂದ ನನ್ನ ಗಂಡ ಮುಖದ ತುಂಬ ಸೋಪಿನ ನೊರೆಯೊಂದಿಗೆ ಓಡಿಬಂದರು. ಇಬ್ಬರೂ ಸೇರಿ ನನ್ನ ಕಾಲು ಮಡಿಸತೊಡಗಿದರು.

"ಬಿಡ್ರೀ, ಇದು ಸೊಂಟದ ವ್ಯಾಯಾಮ!" ಎಂದು ಕಿರುಚಿದೆ.

ಜಯಮ್ಮ ಕಾಲು ಬಿಟ್ಟಳು. ಒಂದು ಕ್ಷಣ ಯೋಚಿಸಿ, "ನಾಕು ಎಮ್ಮೆ ಕರೀತೀನಿ, ನಂಗೇನು ಸೊಂಟ ಇಲ್ವಾ? ಯೋಳ್ಕೊಡಿ" ಎಂದು ಸೆರಗು ಸಿಕ್ಕಿಸಿ ಪಕ್ಕದಲ್ಲೇ ಮಂಡಿಯೂರಿದಳು. ಅಂದಿನಿಂದ ಆರಕ್ಕೆ ಸರಿಯಾಗಿ ಬಾಗಿಲು ಬಡಿಯುತ್ತಾಳೆ. ಮಳೆ, ನೆಂಟರು, ತಲೆನೋವು, ಯಾವ ನೆಪವೂ ನಡೆಯುವುದಿಲ್ಲ. "ಬೇಗ ಏಳಿ ಮೇಡಮ್ಮೋರೆ, ಎಮ್ಮೆ ಬೇಕಾರೆ ಕಾಯ್ತದೆ, ನಾನ್ ಕಾಯಾಕಿಲ್ಲ!" ಕೆಲವು ವಾರ ವ್ಯತ್ಯಾಸವೇ ತಿಳಿಯಲಿಲ್ಲ. ಮೂರನೆಯ ತಿಂಗಳಲ್ಲಿ ಒಂದು ದಿನ, ಕಚೇರಿಯಲ್ಲಿ ಬಿದ್ದ ಪೆನ್ನನ್ನು ಬಗ್ಗಿ ಎತ್ತಿಕೊಂಡ ಮೇಲೆ ಹೊಳೆಯಿತು, "ಅಮ್ಮಾ" ಅನ್ನುವುದನ್ನೇ ಮರೆತಿದ್ದೆ.

ಆ ವರ್ಷ ಜಯಮ್ಮನನ್ನೂ ಕರೆದುಕೊಂಡು ರುದ್ರಪಟ್ಟಣಕ್ಕೆ ಹೋದೆ. ಜಮಖಾನೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೆ. ನೋವು ಪೂರ್ತಿ ಹೋಗಿರಲಿಲ್ಲ. ಆದರೆ ಅದೂ ನನ್ನ ಪಕ್ಕದಲ್ಲೇ ಕೂತು, ಸದ್ದು ಮಾಡದೆ ಸಂಗೀತ ಕೇಳಿತು. ಎರಡು ಗಂಟೆ ಕಳೆದು ಮಂಗಳ ಹಾಡಿದಾಗ ಗೆದ್ದವಳಂತೆ ಎದ್ದೆ. ಕಾಲುಗಳೆರಡೂ ಜೋಮು ಹಿಡಿದಿದ್ದವು. ಮುಗ್ಗರಿಸಿ ಜಯಮ್ಮನ ಹೆಗಲಿಗೆ ಜೋತುಬಿದ್ದೆ. ಸುತ್ತಲಿದ್ದವರು ಗಾಬರಿಯಾಗಿ ನುಗ್ಗಿ ಬಂದರು. ಜಯಮ್ಮ ಎಲ್ಲರಿಗೂ ಕೇಳುವಂತೆ, ಬಲು ಹೆಮ್ಮೆಯಿಂದ ಹೇಳಿದಳು:

"ಏನೂ ಇಲ್ಲ ಬುಡಿ, ಇವ್ರು ದಿನಾ ವ್ಯಾಯಾಮ ಮಾಡ್ತಾರೆ!"