ಏಳನೇ ಮನೆಯಲ್ಲಿ ಹಿಮ

ನಮ್ಮ ಭಾವನಿಗೆ ಈ ಲೋಕದಲ್ಲಿ ಶತ್ರುಗಳೇ ಇಲ್ಲ. ಇರುವ ಒಬ್ಬನೇ ಶತ್ರು ಪಕ್ಕದ ಲೋಕದಲ್ಲಿದ್ದಾನೆ. ಅವನ ಹೆಸರು ಮಂಗಳ. ಹೌದು ಸ್ವಾಮಿ, ಗ್ರಹವೇ! ಆಕಾಶದಲ್ಲಿ ಕೆಂಪಗೆ ತನ್ನ ಪಾಡಿಗೆ ತಾನು ಸುತ್ತಿಕೊಂಡಿರುವ ಆ ಬಡಪಾಯಿಯ ಮೇಲೆ ನನ್ನ ಗಂಡನ ಅಣ್ಣ ಜಗಳಕ್ಕೆ ನಿಂತು ಎಷ್ಟೋ ವರ್ಷಗಳಾದವು. ಜಗಳ ಅವರದ್ದು, ಕೇಳುವ ಕರ್ಮ ನನ್ನದು!

ಮಸ್ಕತ್ತಿನ ಅಲ್ ಮವಾಲೇಹ್‌ನ ನಮ್ಮ ಫ್ಲಾಟಿನಲ್ಲಿ ಬೆಳಗಾಗುವುದೇ ಮಂಗಳನ ಹವಾಮಾನ ವರದಿಯಿಂದ. ನಾನು ನೀರುದೋಸೆಗೆ ಹಿಟ್ಟು ಹುಯ್ಯುತ್ತಿರುತ್ತೇನೆ, ಭಾವ ಮೊಬೈಲು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ.

"ನೋಡು ಮಾರಾಯ್ತಿ, ಉತ್ತರ ಧ್ರುವದಲ್ಲಿ ಮೋಡ ಕಟ್ಟಿದೆಯಂತೆ. ಇಬ್ಬನಿ ಹೆಪ್ಪುಗಟ್ಟಿ ನೆಲವೆಲ್ಲ ಬೆಳ್ಳಗೆ! ಹಿಮ ಬಿದ್ದರೂ ಬೀಳಬಹುದಂತೆ!"

"ಬೀಳಲಿ ಭಾವ. ಚಟ್ನಿ ಹಾಕ್ಲಾ?"

"ಬೀಳಲಿ ಅಂದ್ರೆ ಎಂಥದು? ಯಾರುಂಟು ಅಲ್ಲಿ? ಒಂದು ನರಪಿಳ್ಳೆ ಇಲ್ಲ! ಇಲ್ಲಿ ನಾವು ಬೆಂದು ಸಾಯುವುದು, ಯಾರೂ ಇಲ್ಲದ ಜಾಗಕ್ಕೆ ಪುಕ್ಕಟೆ ಎಸಿ!"

ಮಂಗಳನಿಗೆ ಎಸಿ ಇದ್ದರೆ ಇವರ ಗಂಟೇನು ಹೋಗುತ್ತದೆ ಎಂದು ನೀವು ಕೇಳಬಹುದು. ನಾನೂ ಮದುವೆಯಾಗಿ ಮಸ್ಕತ್ತಿಗೆ ಬಂದ ಹೊಸತರಲ್ಲಿ ಕೇಳಿದ್ದೆ. ಆಗ ಗೊತ್ತಾಯಿತು, ಭಾವನ ಜಾತಕದ ಏಳನೇ ಮನೆಯಲ್ಲಿ ಕುಜ ಕೂತಿದ್ದಾನೆ. ಕುಜ ಎಂದರೆ ಇದೇ ಮಂಗಳ. ಏಳನೆಯದು ಮದುವೆಯ ಮನೆ. ಊರಿನ ಜೋಯಿಸರು ಕವಡೆ ಸರಿಸಿ, "ಇದು ಉರಿಯುವ ಗ್ರಹ, ಬಂದ ಹೆಣ್ಣನ್ನು ಸುಟ್ಟುಬಿಡುತ್ತದೆ" ಅಂದರಂತೆ. ಅಷ್ಟೇ! ಬಂದ ಸಂಬಂಧಗಳೆಲ್ಲ ಒಂದೊಂದಾಗಿ ಅಂಗಳದಿಂದಲೇ ವಾಪಸಾದವು. ಭಾವ ವಿಮಾನ ಹತ್ತಿ ಒಮಾನಿಗೆ ಬಂದರು, ಬ್ರಹ್ಮಚಾರಿಯಾಗಿಯೇ ಉಳಿದರು. ಮುಂದೊಂದು ದಿನ ಆ ಉರಿಯುವ ಗ್ರಹದ ಧ್ರುವಗಳು ಹಿಮಗಟ್ಟಿವೆ ಎಂದು ಯಾವುದೋ ಪತ್ರಿಕೆಯಲ್ಲಿ ಓದಿದರಂತೆ ನೋಡಿ, ಅವತ್ತಿನಿಂದ ಶುರುವಾದ ಸಿಟ್ಟು ಇನ್ನೂ ಇಳಿದಿಲ್ಲ.

"ಬೆಂಕಿ ಅಂತ ಹೇಳಿ ನನ್ನ ಮದುವೆ ತಪ್ಪಿಸಿದರಲ್ಲ! ಬೆಂಕಿಯಾ ಅದು? ಗಾಳಿಯೇ ಗಡ್ಡೆ ಕಟ್ಟುವಷ್ಟು ಚಳಿ! ಅಲ್ಲಿ ಬೀಳುವುದು ಡ್ರೈ ಐಸ್, ಗೊತ್ತುಂಟಾ? ನಾನು ಮಾರುವ ಅದೇ ಡ್ರೈ ಐಸ್!"

ಇದು ಇನ್ನೊಂದು ಉರಿ. ಭಾವ ಬರ್ಕಾದ ಐಸ್ ಫ್ಯಾಕ್ಟರಿಯೊಂದರಲ್ಲಿ ಸೇಲ್ಸ್ ಮ್ಯಾನೇಜರ್. ಮೀನಿನವರಿಗೆ ಮಂಜುಗಡ್ಡೆ, ಕೇಟರಿಂಗಿನವರಿಗೆ ಹೊಗೆಯಾಡುವ ಡ್ರೈ ಐಸ್. ಇಡೀ ಬಾತಿನಾ ಕರಾವಳಿಯನ್ನು ತಂಪಾಗಿಡುವ ಮನುಷ್ಯನನ್ನು ಬೆಂಕಿಯ ಜಾತಕದವನು ಅಂದರೆ ಯಾರಿಗಾದರೂ ಪಿತ್ತ ನೆತ್ತಿಗೇರುತ್ತದೆ, ಒಪ್ಪುತ್ತೇನೆ. ಆದರೆ ಅದಕ್ಕೆ ನನ್ನ ದೋಸೆ ಯಾಕೆ ಸೀಯಬೇಕು?

ನನ್ನ ಗಂಡನೋ, ಅಣ್ಣ ಬಾಯಿ ತೆರೆದ ಕೂಡಲೇ ಬಾತ್‌ರೂಮು ಸೇರುವ ಮಹಾನುಭಾವ. ಮಗಳ ಕಿವಿಯಲ್ಲಿ ಸದಾ ಇಯರ್‌ಫೋನು. ಹಾಗಾಗಿ ಭಾವನ ಪ್ರವಚನಕ್ಕೆ ಸಿಗುವವರು ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬರು ಕೆಳಗಡೆ ಗ್ರೋಸರಿ ಇಟ್ಟಿರುವ ಬ್ಯಾರಿ ಕಾಕ. ಒಮ್ಮೆ ಅವರು ಟೊಮೆಟೊ ತೂಗುತ್ತಿದ್ದಾಗ ಭಾವ ಮಂಗಳನ ಮೋಡದ ವಿಚಾರ ಪೂರ್ತಿ ಬಿಚ್ಚಿಟ್ಟರು. ಕಾಕ ಗಂಭೀರವಾಗಿ ಕೇಳಿದರು, "ಅಲ್ಲ ಮಾರಾಯ್ರೆ, ಅಲ್ಲಿಗೆ ವೀಸಾ ಸಿಗ್ತದಾ? ವೀಸಾ ಕೊಡಿಸುವ ಕಫೀಲ್ ಯಾರು?"

"ಕಫೀಲೇ ಇಲ್ಲದ ಜಾಗ ಕಾಕ ಅದು!"

"ಹಾಗಾದ್ರೆ ನನ್ನದೊಂದು ಬ್ರಾಂಚ್ ಹಾಕುವ. ಫ್ರಿಜ್ಜಿನ ಕರೆಂಟ್ ಬಿಲ್ ಆದ್ರೂ ಉಳೀತದೆ."

ಇನ್ನೊಮ್ಮೆ, ನಮ್ಮ ಪರಿಚಯದ ದಂಪತಿ ಮಗಳ ಸಂಬಂಧದ ವಿಷಯ ಮಾತಾಡಲು ಸುವೈಕ್‌ನಿಂದ ಬಂದಿದ್ದರು. ಹುಡುಗ ಒಳ್ಳೆಯವನು, ಕೆಲಸ ಒಳ್ಳೆಯದು, ಆದರೆ ಜಾತಕದಲ್ಲಿ ಸ್ವಲ್ಪ ಕುಜದೋಷ ಎಂದು ಅವರ ಬಾಯಿಂದ ಬಂದದ್ದೇ ತಡ! ಒಳಗಿದ್ದ ಭಾವ ಲುಂಗಿ ಎತ್ತಿ ಕಟ್ಟಿಕೊಂಡೇ ಹೊರಬಂದರು. ಧ್ರುವದ ಮಾತು, ಇಬ್ಬನಿಯ ಮಾತು, ಉತ್ತರ ಧ್ರುವದ ಹತ್ತಿರ ಇಳಿದ ಯಂತ್ರವೊಂದು ಮೋಡದಿಂದ ಹಿಮ ಇಳಿಯುವುದನ್ನು ಕಂಡ ಮಾತು. ಚಹಾ ಆರಿತು, ಅಂಬಡೆ ಆರಿತು. ಕೊನೆಗೆ ಆ ಹೆಂಗಸು ಕೈಮುಗಿದು, "ಆಯ್ತು ಮಾರಾಯ್ರೆ, ಈ ಮದುವೆ ಮಾಡ್ತೇವೆ, ನಮ್ಮನ್ನು ಬಿಡಿ" ಅಂದರು. ಮದುವೆ ನಡೆಯಿತು. ಆ ಹುಡುಗಿ ಚೆನ್ನಾಗಿದ್ದಾಳೆ, ಸುಟ್ಟುಹೋಗಿಲ್ಲ.

ಅವತ್ತು ಅವರು ಹೋದ ಮೇಲೆ ಭಾವ ಒಬ್ಬರೇ ಕೂತು ಗೊಣಗುತ್ತಿದ್ದರು. "ಆ ಹಿಮವೂ ಸರಿ ಇಲ್ಲ. ಮೋಡದಿಂದ ಹೊರಡ್ತದಂತೆ, ಇಳೀತದಂತೆ, ನೆಲ ಮುಟ್ಟುವ ಮೊದಲೇ ಆವಿಯಾಗಿ ಮಾಯ! ಬೀಳುವುದಾದರೆ ಪೂರ್ತಿ ಬೀಳಬೇಕಪ್ಪ. ಅರ್ಧ ದಾರಿಗೆ ಬಂದು ವಾಪಸು ಹೋಗುವುದು ಎಂಥ ಮರ್ಯಾದೆ?" ನಾನು ಲೋಟ ತೊಳೆಯುತ್ತಿದ್ದೆ. ಹಿಮದ ಮಾತೇ ಆಡುತ್ತಿದ್ದಾರೆ ಅಂದುಕೊಂಡೆ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆದರೆ ಸಂಜೆ ಬರ್ಕಾದಿಂದ ಬರುವಾಗ ಕೈಯಲ್ಲೊಂದು ಚೀಲ, ಚೀಲದಿಂದ ತೊಟ್ಟಿಕ್ಕುವ ನೀರು! ನಾನು ಒರೆಸಿ ಫಳಫಳ ಹೊಳೆಯಿಸಿದ ನೆಲದ ಮೇಲೆ ಬಾಗಿಲಿನಿಂದ ಬಾಲ್ಕನಿಯವರೆಗೆ ನೀರಿನ ಗೆರೆ. ಬಾಲ್ಕನಿಗೆ ಯಾಕೆ ಅಂದರೆ, "ಮಂಗಳ ಕಾಣ್ತದಾ ನೋಡ್ತೇನೆ" ಎನ್ನುವುದು. ಸೂರ್ಯ ಇನ್ನೂ ಮುಳುಗಿರುವುದಿಲ್ಲ ರೀ! ಅಷ್ಟು ಬಿಸಿಲಿನಲ್ಲಿ ಕಾಣುವ ಮಂಗಳ ಯಾವುದು? ನಾನು ನೆಲ ಒರೆಸುವ ಬಟ್ಟೆ ಹಿಡಿದು ಹಿಂದೆ ಹಿಂದೆ ಬಯ್ಯುತ್ತಾ ಹೋಗುವುದು ದಿನಚರಿಯೇ ಆಗಿಹೋಗಿತ್ತು. ನಾನು ಒರೆಸುತ್ತಾ ಬಾಲ್ಕನಿ ಮುಟ್ಟುವಷ್ಟರಲ್ಲಿ ಅವರು ಆಕಾಶ ನೋಡುತ್ತಾ ನಿಂತಿರುತ್ತಿದ್ದರು.

ಆ ಬಾಲ್ಕನಿಯಲ್ಲಿರುವುದು ನನ್ನ ತುಳಸಿ. ಇದನ್ನು ಸ್ವಲ್ಪ ಜಂಭದಿಂದಲೇ ಹೇಳುತ್ತೇನೆ, ಕ್ಷಮಿಸಿ. ಇಲ್ಲಿಯ ನರ್ಸರಿಯ ಮಣ್ಣಿಗೆ ತುಳಸಿ ಒಗ್ಗುವುದಿಲ್ಲವೆಂದು ಊರಿನಿಂದ ಕೆಂಪು ಮಣ್ಣು ತರುವುದು ನಮ್ಮ ಕಡೆಯವರ ಪದ್ಧತಿ. ಕುಚ್ಚಲಕ್ಕಿ ಬಿಟ್ಟರೂ ಮಣ್ಣು ಬಿಡುವುದಿಲ್ಲ. ನನ್ನ ಮಣ್ಣು ಬಂದದ್ದು ನನ್ನ ಅಮ್ಮನ ಮನೆಯಿಂದ, ಹಪ್ಪಳದ ಡಬ್ಬಿಯಲ್ಲಿ, ಪ್ರತಿ ರಜೆಗೂ ಒಂದಿಷ್ಟು. ಜೂನ್ ಬಂತೆಂದರೆ ನಮ್ಮ ಕಟ್ಟಡದ ಎಲ್ಲರ ತುಳಸಿಯೂ ಕಡ್ಡಿಯಾಗುತ್ತದೆ. ನನ್ನದು ಮಾತ್ರ ಹಸಿರಾಗಿ ನಿಲ್ಲುತ್ತದೆ! ಅಕ್ಕಪಕ್ಕದವರು ಗುಟ್ಟು ಕೇಳುತ್ತಾರೆ. "ಏನಿಲ್ಲಪ್ಪ, ಕೈಗುಣ" ಅನ್ನುತ್ತೇನೆ.

ಈ ಮೇ ತಿಂಗಳಲ್ಲಿ ಮಗಳ ಶಾಲೆಯಲ್ಲಿ ವಿಜ್ಞಾನದ ಪ್ರದರ್ಶನ ಬಂತು. "ದೊಡ್ಡಪ್ಪ ವಿಲ್ ಹೆಲ್ಪ್ ಮಿ" ಎಂದಳು. ಆಗಲೇ ನನ್ನ ಬಲಗಣ್ಣು ಅದುರಬೇಕಿತ್ತು, ಅದುರಲಿಲ್ಲ. ಪ್ರದರ್ಶನದ ದಿನ ಹೋಗಿ ನೋಡುತ್ತೇನೆ, ಮಗಳ ಮೇಜಿನ ಸುತ್ತ ಜನವೋ ಜನ! ದೊಡ್ಡ ತಟ್ಟೆಯ ತುಂಬ ಕೆಂಪು ನೆಲ, ಅಡಿಯಲ್ಲಿ ಡ್ರೈ ಐಸ್. ನೋಡನೋಡುತ್ತಿದ್ದಂತೆ ಕೆಂಪು ನೆಲದ ಮೇಲೆ ಬೆಳ್ಳನೆಯ ಇಬ್ಬನಿ ಹರಳುಗಟ್ಟುತ್ತಿತ್ತು, ಪಕ್ಕದ ಬೋಗುಣಿಯಿಂದ ಮೋಡ ಉಕ್ಕಿ ಅದರ ಮೇಲೆ ಹರಿಯುತ್ತಿತ್ತು. ಮಗಳು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು. ಹಿಂದೆ ಭಾವ ದಪ್ಪ ಕೈಗವಸು ತೊಟ್ಟು, ಮದುಮಗನ ಹಾಗೆ ಎದೆಯುಬ್ಬಿಸಿ ನಿಂತಿದ್ದರು.

"ಮಣ್ಣಿನ ಬಣ್ಣ ಎಷ್ಟು ನ್ಯಾಚುರಲ್!" ಎಂದು ಟೀಚರೊಬ್ಬರು ಮೆಚ್ಚಿದರು. ನಾನೂ ಹೆಮ್ಮೆಯಿಂದ ಬಗ್ಗಿ ನೋಡಿದೆ. ಮಂಗಳ ಗ್ರಹದ ಉತ್ತರ ಧ್ರುವದಲ್ಲಿ, ಇಬ್ಬನಿಯ ನಡುವೆ, ನಾನು ತುಳಸಿಯ ಮುಂದೆ ಹಚ್ಚಿದ್ದ ದೀಪದ ಬತ್ತಿಯ ತುಂಡು!

ಅಲ್ಲಿ ಏನೂ ಹೇಳಲಿಲ್ಲ. ಮರ್ಯಾದೆ ಪ್ರಶ್ನೆ. ಮನೆಗೆ ಬಂದು ನೋಡಿದರೆ ನನ್ನ ತುಳಸಿ ನೆಲ ಒರೆಸುವ ಬಕೆಟ್ಟಿನಲ್ಲಿ, ತೆಂಗಿನ ನಾರಿನ ಪುಡಿಯಲ್ಲಿ ಬೇರು ಹುದುಗಿಸಿಕೊಂಡು ನಿಂತಿತ್ತು. ನೆಲ ಒರೆಸುವ ಬಕೆಟ್ಟಿನಲ್ಲಿ! ನನ್ನ ಮೈಯೆಲ್ಲ ಉರಿದುಹೋಯಿತು.

"ಬೇರೆ ಮಣ್ಣು ಹಳದಿ ಮಾರಾಯ್ತಿ, ಮಂಗಳನ ಹಾಗೆ ಕಾಣುವುದಿಲ್ಲ," ಎಂದರು ಭಾವ, ಮಣ್ಣನ್ನು ಜರಡಿ ಹಿಡಿದು ಮತ್ತೆ ಕುಂಡಕ್ಕೆ ತುಂಬುತ್ತಾ. "ಈಗ ವಾಪಸು ಹಾಕ್ತಾ ಇದ್ದೇನಲ್ಲ."

"ತುಳಸಿ ಅಂದ್ರೆ ಎಂತದು ಅಂತ ಸಂಸಾರ ಇದ್ದವರಿಗೆ ಗೊತ್ತಾಗ್ತದೆ ಭಾವ!" ಅಂದುಬಿಟ್ಟೆ.

ಭಾವನ ಕೈ ನಿಂತಿತು. ತುಳಸಿಯನ್ನು ನೆಟ್ಟು, ಕೈ ತೊಳೆದು, ಮರುದಿನ ಬೆಳಿಗ್ಗೆ ಒಂದು ಪೆಟ್ಟಿಗೆ ಹಿಡಿದು ಬರ್ಕಾದ ಕಂಪೆನಿ ರೂಮಿಗೆ ಹೊರಟುಹೋದರು. ಅವತ್ತು ಹವಾಮಾನ ವರದಿಯೂ ಇರಲಿಲ್ಲ.

ನಾನೇನು ಸೋಲುವವಳಾ? ನೆಲ ಒಣಗಿತು, ಮನೆ ಶಾಂತವಾಯಿತು, ದೋಸೆ ಸೀಯಲಿಲ್ಲ. ಆದರೆ ಜೂನ್ ಕಾಲಿಟ್ಟದ್ದೇ ತುಳಸಿ ಬಾಡತೊಡಗಿತು. ಬೆಳಿಗ್ಗೆ ನೀರು ಹಾಕಿದೆ, ಸಂಜೆ ಹಾಕಿದೆ, ಮಧ್ಯಾಹ್ನವೂ ಹಾಕಿದೆ. ಹಾಕಿದಷ್ಟೂ ಎಲೆ ಉದುರಿತು. "ಬೇರು ಅಲುಗಾಡಿಸಿ ಕೊಂದರು ಪುಣ್ಯಾತ್ಮರು!" ಎಂದು ನಾನು ಬಾಲ್ಕನಿಯಲ್ಲಿ ನಿಂತು ಕೂಗಾಡುತ್ತಿದ್ದಾಗ ಮಗಳು ಕಿವಿಯಿಂದ ಇಯರ್‌ಫೋನು ತೆಗೆದು ಹೇಳಿದಳು.

"ಅಮ್ಮಾ, ಇಟ್ಸ್ ಬಿಕಾಸ್ ದೇರ್ ಈಸ್ ನೋ ಐಸ್."

"ಎಂಥ ಐಸ್?"

"ದೊಡ್ಡಪ್ಪ ಯೂಸ್ಡ್ ಟು ಪುಟ್ ಐಸ್ ಎವ್ರಿ ಈವ್ನಿಂಗ್. ಇನ್ ದ ಪಾಟ್. ನಿಂಗೆ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ! ಗಂಡನ ಕಡೆ ತಿರುಗಿದೆ. ಅವರು ಬಾತ್‌ರೂಮಿನ ಬಾಗಿಲು ನೋಡಿದರು. ನಾನು ಅಡ್ಡ ನಿಂತೆ.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು... ಪ್ರತಿ ಬೇಸಿಗೆಯೂ ತರ್ತಿದ್ದ. ಹೇಳ್ಬೇಡ ಅಂದಿದ್ದ ಅಣ್ಣ. ಅವಳಿಗೆ ಕೈಗುಣ ಅಂತ ಖುಷಿ ಉಂಟು, ಇರಲಿ ಅಂದ."

ನೋಡಿದಿರಾ ಅನ್ಯಾಯ? ಒಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು ನನಗೊಬ್ಬಳಿಗೆ ಗೊತ್ತಿಲ್ಲ! ಬಾಗಿಲಿನಿಂದ ಬಾಲ್ಕನಿಯವರೆಗಿನ ಆ ನೀರಿನ ಗೆರೆಯನ್ನು ನಾನು ಇಷ್ಟು ವರ್ಷ ಬಯ್ಯುತ್ತಾ ಒರೆಸಿದ್ದೆನಲ್ಲ, ಅದು ನನ್ನ ಕೈಗುಣ ಒಳಗೆ ಬರುತ್ತಿದ್ದ ದಾರಿಯಾಗಿತ್ತು. ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು.

ಶುಕ್ರವಾರ ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತೆ. "ಯಲ್ಲಾ, ಬರ್ಕಾಕ್ಕೆ ಬಿಡಿ" ಅಂದೆ ಗಂಡನಿಗೆ.

ರಜೆಯ ದಿನವೂ ಭಾವ ಫ್ಯಾಕ್ಟರಿಯಲ್ಲೇ ಇದ್ದರು. ಬೆಂಕಿಯಂಥ ಬಿಸಿಲಿಗೆ ದಪ್ಪ ಜಾಕೆಟ್ಟು ಹಾಕಿಕೊಂಡು ಕೋಲ್ಡ್ ರೂಮಿನಿಂದ ಹೊರಬಂದರು. ನನ್ನ ಮುಖ ನೋಡಲಿಲ್ಲ, ಕುಂಡ ನೋಡಿದರು. ನೋಡಿದ್ದೇ ಕಿಡಿಕಿಡಿಯಾದರು.

"ಎಂಥ ನೀರು ಹಾಕಿದ್ದು ಇದಕ್ಕೆ? ಬಾಲ್ಕನಿ ನಲ್ಲಿಯದ್ದಾ? ಜೂನ್ ತಿಂಗಳ ಟ್ಯಾಂಕಿನ ನೀರಾ? ಅದರಲ್ಲಿ ಚಹಾ ಮಾಡಬಹುದು ಮಾರಾಯ್ತಿ! ಬೇರು ಬೇಯಿಸಿದ್ದೀಯಲ್ಲ! ಯಾರ ಜಾತಕದಲ್ಲಪ್ಪಾ ಬೆಂಕಿ ಇರುವುದು, ನನ್ನದಾ, ನಿನ್ನದಾ?"

ಬಯ್ಯಿಸಿಕೊಂಡೆ. ಜೀವನದಲ್ಲಿ ಮೊದಲ ಬಾರಿಗೆ ಬಯ್ಗುಳ ಕೇಳಿ ಹೊಟ್ಟೆ ತಂಪಾಯಿತು. ಭಾವ ಒಳಗೆ ಹೋಗಿ ಮಂಜುಗಡ್ಡೆ ಕುಟ್ಟಿ ತಂದು, ಕಾಂಡಕ್ಕೆ ತಾಗದ ಹಾಗೆ ಕುಂಡದ ಅಂಚಿನ ಸುತ್ತ ಜೋಡಿಸಿದರು. ಕೆಂಪು ಮಣ್ಣಿನ ಮೇಲೆ ಬೆಳ್ಳಗೆ. ಕೆಳಗಿನ ಗಂಟಿನಲ್ಲಿ ಒಂದು ಚಿಗುರು ಇನ್ನೂ ಹಸಿರಾಗಿತ್ತು.

"ಬದುಕ್ತದೆ. ದಿನಾ ಹಾಕ್ಬೇಕು," ಅಂದರು.

"ದಿನಾ ಬರ್ಕಾಕ್ಕೆ ಬರ್ಲಿಕ್ಕೆ ನನ್ನಿಂದಾಗುವುದಿಲ್ಲ. ಮನೆಗೆ ಬನ್ನಿ ಭಾವ."

"ಸಂಸಾರ ಇದ್ದವರ ಮನೆಗೆ ನಾನ್ಯಾಕೆ?"

"ನಾವು ನಿಮ್ಮ ಸಂಸಾರ ಅಲ್ವಾ ಭಾವ?" ಅಂದೆ.

ಭಾವ ಜಾಕೆಟ್ಟಿನ ಜಿಪ್ಪು ಎಳೆದರು, ಇಳಿಸಿದರು, ಮತ್ತೆ ಎಳೆದರು. ಆಮೇಲೆ ಒಳಗೆ ಹೋಗಿ ಪೆಟ್ಟಿಗೆ ತಂದು ಕಾರಿನ ಮುಂದಿನ ಸೀಟಿನಲ್ಲಿ ಕೂತರು. ಬರ್ಕಾದ ರೌಂಡ್‌ಬೌಟ್ ದಾಟಿದ ಮೇಲೆ ನಾನೇ ಕೇಳಿದೆ. ಇಷ್ಟು ವರ್ಷದಲ್ಲಿ ನಾನಾಗಿ ಕೇಳಿದ್ದು ಅದೇ ಮೊದಲು.

"ಭಾವ, ಆ ಮಂಗಳದ ಹಿಮ... ನೆಲ ಮುಟ್ಟುವುದೇ ಇಲ್ವಾ?"

ಭಾವ ಸರಕ್ಕನೆ ಹಿಂದಕ್ಕೆ ತಿರುಗಿದರು. "ಹಾಗೇನಿಲ್ಲ ಮಾರಾಯ್ತಿ! ಚಳಿ ಜೋರಾದಾಗ ಕೆಳಗಿನವರೆಗೂ ಬರಬಹುದು ಅಂತ ಹೇಳ್ತಾರೆ. ಸಾಧ್ಯತೆ ಉಂಟು!"

ಅಲ್ ಮವಾಲೇಹ್ ಬರುವವರೆಗೂ ಅವರು ಹೇಳಿದರು, ನಾನು ಕೇಳಿದೆ. ಮಡಿಲಲ್ಲಿದ್ದ ಕುಂಡದ ಮಂಜುಗಡ್ಡೆ ಕರಗಿ, ತಳದ ತೂತಿನಿಂದ ಇಳಿದು, ನನ್ನ ಸೀರೆಯೆಲ್ಲ ಅಮ್ಮನ ಮನೆಯ ಕೆಂಪು ನೀರಿನಲ್ಲಿ ತೊಯ್ದುಹೋಯಿತು. ನಾನು ಒರೆಸಲು ಹೋಗಲಿಲ್ಲ.