ಮಾವನವರ ಮೀಟರ್ ಪೆಟ್ಟಿಗೆ

ಹೆಣ್ಣು ನೋಡಲು ಬಂದು, ಹೆಣ್ಣನ್ನು ಬಿಟ್ಟು ಸ್ವಿಚ್ ಬೋರ್ಡ್ ನೋಡಿ ಸಂಬಂಧ ಒಪ್ಪಿಕೊಂಡ ಮಹಾನುಭಾವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನಮ್ಮ ಮಾವನವರು! ತಿಲಕ್ ನಗರದ ನಮ್ಮ ಮನೆಯಲ್ಲಿ ನಾನು ಹೆದರಿಕೊಂಡು ಕೇಸರಿಬಾತಿನ ತಟ್ಟೆ ತಂದಿಟ್ಟರೆ, ಅವರು ಗೋಡೆಯನ್ನೇ ನೋಡುತ್ತಾ ಅಪ್ಪನನ್ನು ಕೇಳಿದರು: "ನಿಮ್ಮನೇಲಿ ಎಷ್ಟು ವೋಲ್ಟ್ ಬರತ್ತೆ ಸಾರ್?" ವರದಕ್ಷಿಣೆ ಕೇಳುವ ಹೊಸ ರೀತಿಯೇನೋ ಎಂದು ಅಪ್ಪ ಬೆವರಿಬಿಟ್ಟರು.

ಮಾವನವರ ಹತ್ತಿರ ಒಂದು ಮರದ ಪೆಟ್ಟಿಗೆ ಇತ್ತು. ತಾವೇ ಮಾಡಿಕೊಂಡದ್ದು. ಅದರ ಮೇಲೆ ಎರಡು ಮುಳ್ಳಿನ ಮೀಟರುಗಳು, ಒಂದು ವೋಲ್ಟಿಗೆ, ಒಂದು ಆಂಪಿಯರಿಗೆ. ಪೆಟ್ಟಿಗೆಯನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ನಮ್ಮ ಇಸ್ತ್ರಿಪೆಟ್ಟಿಗೆಯನ್ನೋ ಮತ್ತೊಂದನ್ನೋ ಅದಕ್ಕೆ ಸಿಕ್ಕಿಸಿದರೆ ಎರಡೂ ಮುಳ್ಳು ಏಳುತ್ತಿದ್ದವು. "ವೋಲ್ಟನ್ನ ಆಂಪಿಯರಿಂದ ಭಾಗಿಸಿದ್ರೆ ರೆಸಿಸ್ಟೆನ್ಸು, ಗುಣಿಸಿದ್ರೆ ಪವರ್ರು. ಅಷ್ಟೇ ಕಣಮ್ಮಾ ಪ್ರಪಂಚ!" ಎನ್ನುತ್ತಿದ್ದರು. ನಾನು ಜೆ.ಪಿ. ನಗರದ ಆ ಮನೆಗೆ ಸೊಸೆಯಾಗಿ ಕಾಲಿಟ್ಟ ಸಂಜೆ, ಊಟ ಆಯಿತೇನಮ್ಮಾ ಎಂದು ಕೇಳಬೇಕಾದವರು ಕೇಳಿದ್ದೇನು ಗೊತ್ತೇ? "ಆ ಕಾಯಿಲ್ ಎಲ್ಲಿ?"

ಬಕೆಟ್ಟಿನಲ್ಲಿ ಇಳಿಬಿಟ್ಟು ನೀರು ಕಾಯಿಸುವ ಕಾಯಿಲ್ ಅದು. ಮಗಳು ಸೌದೆ ಒಲೆ ಊದಬಾರದೆಂದು ಅಪ್ಪ ಜಯನಗರದ ನಾಲ್ಕನೇ ಬ್ಲಾಕೆಲ್ಲ ಸುತ್ತಿ, ಅಂಗಡಿಯವನ ತಲೆ ತಿಂದು, ಆರಿಸಿ ತಂದು ಮದುವೆಗೆ ಕೊಟ್ಟದ್ದು. ಮಾವನವರು ಅದನ್ನು ಪೆಟ್ಟಿಗೆಗೆ ಸಿಕ್ಕಿಸಿ, ಭಾಗಿಸಿ, ಗುಣಿಸಿ, "ಐವತ್ಮೂರು ಓಮು, ಸಾವಿರ ವಾಟು. ಪಾಸ್!" ಎಂದರು. ನಾನು ಪಾಸೋ ಫೇಲೋ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ!

ಮನೆಯಲ್ಲಿದ್ದರೆ ಇರಲಿ, ಪೆಟ್ಟಿಗೆ ನೆಂಟರ ಮನೆಗೂ ಬರುತ್ತಿತ್ತು. ಸುಬ್ರಹ್ಮಣ್ಯಪುರದಲ್ಲಿ ಅತ್ತೆಯ ತಮ್ಮನ ಗೃಹಪ್ರವೇಶ. ಹೋಮ ನಡೆದಿದೆ, ಮೈಕಿನಲ್ಲಿ ಮಂತ್ರ ಮೊಳಗಿದೆ. ಇದ್ದಕ್ಕಿದ್ದಂತೆ ಮೈಕು ಗಪ್‌ಚಿಪ್! ಮೂಲೆಯಲ್ಲಿ ಫ್ಯೂಸು ಕಿತ್ತು ಹಿಡಿದ ಮಾವನವರ ಧ್ವನಿ: "ಫ್ಯೂಸಿಗೆ ಇಷ್ಟು ದಪ್ಪ ತಂತಿ ಯಾವನ್ರೀ ಹಾಕಿದ್ದು? ಮನೆ ಸುಟ್ಟು ಹೋಗತ್ತೆ!" ಹೊಸ ಮನೆಯಲ್ಲಿ ಆಡುವ ಮಾತೇ ಇದು? ಅತ್ತೆ ಸಿಟ್ಟಿನಿಂದ ನಮ್ಮೆಲ್ಲರನ್ನೂ ಎಬ್ಬಿಸಿಕೊಂಡು ಹೊರಟೇಬಿಟ್ಟರು. ಹೋಮ ಮುಗಿದಿದ್ದರೆ ಎಲೆಯ ತುದಿಗೆ ಒಬ್ಬಟ್ಟು ಬರುವುದರಲ್ಲಿತ್ತು. ಆ ಒಬ್ಬಟ್ಟಿನ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

"ನಿಮ್ಮಪ್ಪನಿಗೆ ಸ್ವಲ್ಪ ಹೇಳಬಾರದೇನ್ರೀ?" ಎಂದರೆ ನಮ್ಮ ಯಜಮಾನರು, "ಅಪ್ಪ ಇರೋದೇ ಹಾಗೆ ಕಣೇ" ಎಂದು ಪೇಪರ್ ಮಗುಚುತ್ತಿದ್ದರು.

ನನ್ನ ನಿಜವಾದ ಗೋಳು ಬೇರೆ. ಬೆಳಗಿನ ಸ್ನಾನಕ್ಕೆ ನೀರೇ ಕಾಯುತ್ತಿರಲಿಲ್ಲ. ನಾನು ಕತ್ತಲಲ್ಲೇ ಎದ್ದು ಕಾಯಿಲ್ ಹಾಕಿದರೂ, ಅತ್ತೆ ಬೆರಳದ್ದಿ ನೋಡುವ ಹೊತ್ತಿಗೆ ಉಗುರು ಬೆಚ್ಚಗೆ. "ಈಗ ಎದ್ದು ಈಗ ಹಾಕಿರ್ತಾಳೆ" ಎಂದು ಗೊಣಗುತ್ತಿದ್ದರು. ಸೋಮಾರಿ ಅಂದರೂ ಸಹಿಸಬಹುದು. "ಅವರಪ್ಪ ಅಗ್ಗದ್ದು ನೋಡಿ ತಂದಿರ್ತಾರೆ" ಎಂದಾಗ ಮಾತ್ರ ಸಹಿಸಲಾಗುತ್ತಿರಲಿಲ್ಲ. ಇದರ ಮೇಲೆ ಮಾವನವರು! ದಿನವೂ ನಾನು ಏಳುವ ಹೊತ್ತಿಗೇ ಎದ್ದು ಬಂದು, ಬಚ್ಚಲ ಬಾಗಿಲಲ್ಲಿ ಆ ಪೆಟ್ಟಿಗೆ ಇಟ್ಟುಕೊಂಡು ತುಟಿಪಿಟಕ್ಕೆನ್ನದೆ ಕೂರುತ್ತಿದ್ದರು. ಸೊಸೆ ಎಷ್ಟು ಹೊತ್ತಿಗೆ ಎದ್ದಳೆಂದು ಪಹರೆ ಕಾಯುವ ಮಾವ! ಎಲ್ಲಾದರೂ ಉಂಟೇ?

ದೀಪಾವಳಿ ಬಂತು. ನರಕ ಚತುರ್ದಶಿಯ ಬೆಳಗ್ಗೆ ಮೈಸೂರಿನಿಂದ ಬಂದಿದ್ದ ಅತ್ತೆಯ ಅಕ್ಕನೂ ಸೇರಿ ಎಲ್ಲರೂ ತಲೆಗೆ ಎಣ್ಣೆ ಒತ್ತಿಸಿಕೊಂಡು ನಡುಮನೆಯಲ್ಲಿ ಸಾಲಾಗಿ ಕೂತಿದ್ದೇವೆ. ನೀರು ಕಾಯುತ್ತಿಲ್ಲ! ಎಣ್ಣೆ ಕಿವಿಗಿಳಿಯಿತು. ಅತ್ತೆ ಅಕ್ಕನ ಕಡೆ ತಿರುಗಿ, "ನೋಡಿದ್ಯಾ ಅಕ್ಕಾ? ಹಬ್ಬದ ದಿನಾನೂ ಇವಳು ಟೈಮಿಗೆ ಎದ್ದಿಲ್ಲ. ಇಲ್ಲಾ ಬೀಗರು ಕೊಟ್ಟ ಆ ಕಾಯಿಲ್ಲೇ ಡಬ್ಬಾ!" ಎಂದರು.

ಆಗ ಮಾವನವರು ಎದ್ದರು. ಗಲ್ಲದಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಬಚ್ಚಲಿಗೆ ಹೋಗಿ ಮೀಟರ್ ನೋಡಿ ಬಂದು, ನನ್ನ ರಂಗೋಲಿ ಬಟ್ಟಲು ಎಳೆದುಕೊಂಡು, ಗಾರೆಯ ನೆಲದ ಮೇಲೆ ಲೆಕ್ಕ ಬಿಡಿಸತೊಡಗಿದರು.

"ನೂರರವತ್ತು ವೋಲ್ಟು, ಮೂರು ಆಂಪಿಯರ್. ಭಾಗಿಸಿದ್ರೆ ಐವತ್ಮೂರು. ಬಂದ ದಿನಾನೂ ಅಷ್ಟೇ ಇತ್ತು. ಬೀಗರ ಕಾಯಿಲ್ ಸರಿಯಾಗಿದೆ. ಈಗ ಗುಣಿಸು. ನಾನೂರ ಎಂಬತ್ತು ವಾಟು! ಸಾವಿರ ಬರ್ಬೇಕಾದ ಕಡೆ ಅರ್ಧಾನೂ ಇಲ್ಲ. ಬೀದೀಲಿ ಎಲ್ಲರೂ ಕಾಯಿಲ್ ಹಾಕಿದಾರೆ, ನಮ್ಮದು ಲೈನಿನ ಕೊನೇ ಮನೆ, ಇನ್ನೂರ ಮೂವತ್ತು ವೋಲ್ಟು ಇಲ್ಲಿಗೆ ಬರೋ ಹೊತ್ತಿಗೆ ನೂರರವತ್ತಾಗತ್ತೆ. ಮುಕ್ಕಾಲು ಗಂಟೇಲಿ ಕಾಯೋ ನೀರಿಗೆ ಒಂದೂವರೆ ಗಂಟೆ ಬೇಕು. ಹುಡುಗಿ ಟೈಮಿಗೇ ಏಳ್ತಿದಾಳೆ. ನಾನು ದಿನಾ ಕೂತು ನೋಡ್ತಿದೀನಿ."

"ದಿನಾ ನೋಡ್ತಿದ್ದೋರು ಮೊದಲೇ ಹೇಳೋಕೇನಾಗಿತ್ತು?" ಅತ್ತೆ ರೇಗಿದರು.

"ಒಂದಿನದ ರೀಡಿಂಗಿಗೆ ನೀನು ಒಪ್ತಿದ್ಯಾ?"

ಅತ್ತೆಯ ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಭಾಗಾಕಾರದಲ್ಲಿ ಅಪ್ಪನ ಮಾನ ಉಳಿಯಿತು, ಗುಣಾಕಾರದಲ್ಲಿ ನನ್ನದು. ಆ ಮನೆಯಲ್ಲಿ ನನ್ನ ಪರವಾಗಿ ಒಬ್ಬರು ಬಾಯಿಬಿಟ್ಟದ್ದು ಅದೇ ಮೊದಲು.

ನೀರು ಕಾದಾಗ ಮಾವನವರು, "ಮೊದಲ ಬಕೆಟ್ಟು ಆ ಹುಡುಗಿಗೆ. ಎಲ್ಲರಿಗಿಂತ ಮೊದಲು ಎದ್ದಿರೋಳು ಅವಳು" ಎಂದರು. ಬಚ್ಚಲಲ್ಲಿ ಬಿಸಿನೀರು ಸುರಿದುಕೊಂಡು ಮನಸಾರೆ ಅತ್ತುಬಿಟ್ಟೆ. ಹೊರಗೆ ಬಂದಾಗ, ಕಣ್ಣು ಕೆಂಪಗಾದದ್ದಕ್ಕೆ ಸೀಗೆಪುಡಿ ಬಿತ್ತು ಎಂದೆ.

"ನೀರು ಬಿಸಿ ಇತ್ತೇನಮ್ಮಾ?" ಎಂದು ಕೇಳಿದರು ಮಾವನವರು.

"ಇತ್ತು ಮಾವ."

ನೆಲದ ಮೇಲಿನ ಲೆಕ್ಕವನ್ನು ನಾನು ಒರೆಸಲಿಲ್ಲ. ಅದರ ಸುತ್ತ ಕೆಮ್ಮಣ್ಣಿನ ಅಂಚು ಎಳೆದೆ. ಆ ದೀಪಾವಳಿಗೆ ನಮ್ಮ ನಡುಮನೆಯ ರಂಗೋಲಿ ಅದೇ.