ಹುಮನಾಬಾದಿನಾಕಿ ಬಿಲ್ಲು ತಾನೇ ತುಂಬ್ತದ

ಪಕ್ಕದ ಮನೆಯ ಫ್ರಿಜ್ಜು ಕಂಡು ಹೊಟ್ಟೆ ಉರಿಯುವುದು ಎಲ್ಲ ಊರಲ್ಲೂ ಇದ್ದದ್ದೇ. ನಮ್ಮ ಮನೆತನದಲ್ಲಿ ಮಾತ್ರ ಕರೆಂಟ್ ಬಿಲ್ಲಿಗೂ ಹೊಟ್ಟೆ ಉರಿಯುತ್ತದೆ. ಬಿಲ್ಲು ತಿಂಗಳಿಗೊಮ್ಮೆ ಬರುತ್ತದೆ, ಅದರ ಬೆನ್ನಿಗೆ ಒಂದು ಫಜೀತಿಯೂ ಬರುತ್ತದೆ.

ಟಿಣ್

ನಾನು ಬಸವಕಲ್ಯಾಣದಲ್ಲಿ ಬ್ಲೌಸ್ ಹೊಲಿಯುವಾಕೆ. ನನ್ನ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಇರುವುದು ಹುಮನಾಬಾದಿನಲ್ಲಿ. ಅತ್ತೆ ಒಂದು ತಿಂಗಳು ನಮ್ಮಲ್ಲಿ, ಒಂದು ತಿಂಗಳು ಅವಳಲ್ಲಿ.

ಒಮ್ಮೆ ಅವಳ ಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಅವಳ ಫೋನು ಟಿಣ್ ಅಂತು. ಅವಳು ಅದರ ಕಡೆ ನೋಡಲೂ ಇಲ್ಲ. ಕರೆಂಟ್ ಬಿಲ್ ಹೋಯಿತು, ಆಟೋ-ಪೇ ಹಾಕಿಸಿದ್ದೇನೆ, ತಾರೀಖು ಬಂತೆಂದರೆ ಬ್ಯಾಂಕೇ ಕಟ್ಟುತ್ತದೆ ಎಂದು ಹೇಳಿ ಬಿಸ್ಕೀಟನ್ನು ಚಹಾದಲ್ಲಿ ಅದ್ದಿದಳು. ನಾನು ಆ ದಿನ ಬೆಳಿಗ್ಗೆಯಷ್ಟೇ ಕಲ್ಯಾಣದ ಬಿಲ್ ಕೌಂಟರಿನ ಸಾಲಿನಲ್ಲಿ ಕಾಲು ತುಳಿಸಿಕೊಂಡು ಬಂದಿದ್ದೆ. ನನ್ನ ಬಿಸ್ಕೀಟು ಚಹಾದಲ್ಲೇ ಕರಗಿ ತಳ ಸೇರಿತು.

ಮುಂದಿನ ತಿಂಗಳು ಅತ್ತೆ ನಮ್ಮಲ್ಲಿಗೆ ಬಂದರು. ನಾನು ಕೊಡೆ ಹಿಡಿದು ಬಿಲ್ ಕಟ್ಟಲು ಹೊರಟಿದ್ದನ್ನು ನೋಡಿ, "ಹುಮನಾಬಾದಿನಾಕಿ ಬಿಲ್ಲು ತಾನೇ ತುಂಬ್ತದ ನೋಡು" ಅಂದರು. ಆ ದಿನ ನಾನು ಹೊಲಿದ ಬ್ಲೌಸಿಗೆ ಎರಡೂ ತೋಳು ಎಡಗಡೆಯವೇ ಆದವು.

ಇಲ್ಲದ್ದರ ದಂಡ

ನಾನೂ ಬ್ಯಾಂಕಿಗೆ ಹೋಗಿ ಆಟೋ-ಪೇ ಹಾಕಿಸಿದೆ. ಯಾವ ಖಾತೆಯಿಂದ ಕಟ್ಟಬೇಕು ಎಂದು ಕೇಳಿದರು. ಗಂಡನ ಖಾತೆ ಕೊಟ್ಟರೆ ವಾರಗಿತ್ತಿಯ ಮುಂದೆ ನನ್ನ ಹೆಚ್ಚುಗಾರಿಕೆ ಏನು ಉಳಿಯಿತು? ಹೊಲಿಗೆ ದುಡ್ಡು ಬೀಳುವ ನನ್ನ ಖಾತೆಯನ್ನೇ ಕೊಟ್ಟೆ. ಆ ಖಾತೆಗೆ ಬಂದ ದುಡ್ಡು ಬಂದ ಗಳಿಗೆಗೇ ದಾರ, ಹುಕ್ಕು, ಲೈನಿಂಗು ಅಂತ ಹೊರಟುಬಿಡುತ್ತದೆ. ಬಿಲ್ಲಿನ ದಿನ ಬ್ಯಾಂಕು ಕೈ ಹಾಕಿದರೆ ಖಾತೆ ಖಾಲಿ. ಬಿಲ್ಲು ಹಾಗೇ ಉಳಿಯಿತು, ಮೇಲೆ ಬ್ಯಾಂಕಿನ ದಂಡ.

ಬ್ಯಾಂಕಿನ ಕ್ಲರ್ಕನ್ನು ಕೇಳಿಯೇಬಿಟ್ಟೆ. "ರೊಕ್ಕ ಇಲ್ಲಂತ ದಂಡ ಹಾಕೀರಿ. ಇಲ್ಲದ ರೊಕ್ಕದಾಗ ದಂಡ ಹ್ಯಾಂಗ ಮುರ್ಕೋತೀರಿ?"

ಅವರು ಬಹಳ ಸಮಾಧಾನದಿಂದ ಹೇಳಿದರು. "ಫಿಕರ್ ಮಾಡಬ್ಯಾಡ್ರಿ ಅಕ್ಕಾರ. ರೊಕ್ಕ ಬರ್ಲಿ, ಮೊದಲ ನಾವೇ ತಗೋತೀವ್ರಿ."

ಕಳ್ಳ ಸಿಕ್ಕ

ಹೆಚ್ಚುಗಾರಿಕೆ ಬದಿಗಿಟ್ಟು ಗಂಡನ ಖಾತೆಗೆ ಬದಲಿಸಿದೆ. ಅವರು ಪಕ್ಕದ ಕೊಹಿನೂರು ಎಂಬ ಊರಿನ ಶಾಲೆಯಲ್ಲಿ ಮೇಷ್ಟ್ರು, ಸಂಬಳ ತಪ್ಪದೆ ಬೀಳುತ್ತದೆ. ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಿ ಅಂದೆ. ಕ್ರಿಕೆಟ್ ನೋಡುತ್ತ ಹಾಕಿದರು. ಯಾಕೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬಿಲ್ಲಿನ ಹಿಂದಿನ ದಿನ, ನಾಳೆ ನಿಮ್ಮ ಖಾತೆಯಿಂದ ಹಣ ಹೋಗುತ್ತದೆ ಎಂಬ ಮೆಸೇಜು ಅವರ ಫೋನಿಗೆ ಬಂತು. ಆಗ ಅವರು ಸ್ಟಾಫ್ ರೂಮಿನಲ್ಲಿದ್ದರು. ಅಲ್ಲಿಂದಲೇ ಬ್ಯಾಂಕಿಗೆ ಫೋನ್ ಹಚ್ಚಿ ಆಟೋ-ಪೇ ನಿಲ್ಲಿಸಿದರು. ಸಂಜೆ ಮನೆಗೆ ಬಂದವರು ಚಪ್ಪಲಿ ಬಿಡುತ್ತಲೇ, "ಇವತ್ತ ಒಬ್ಬ ಕಳ್ಳನ್ನ ಹಿಡದೆ" ಅಂದರು.

ಆ ಕಳ್ಳ ನಾನೇ ಎಂದು ಹೇಳಬೇಕಾಯಿತು. ಈ ಸಲವೂ ಬಿಲ್ಲು ತಪ್ಪಿತು, ಕರೆಂಟಿನವರಿಗೂ ದಂಡ ತೆತ್ತೆವು. ಅಷ್ಟರಲ್ಲಿ ಇವರ ಪರಾಕ್ರಮ ಕೇಳಿದ ಉಳಿದ ಮೇಷ್ಟ್ರುಗಳೂ ತಮ್ಮ ತಮ್ಮ ಹೆಂಡಿರು ಹಾಕಿಸಿದ್ದ ಆಟೋ-ಪೇ ನಿಲ್ಲಿಸಿ ಆಗಿತ್ತು.

ಸಾಲಿನಲ್ಲಿ ಕಂಡವಳು

ಕೊನೆಗೊಮ್ಮೆ ಎಲ್ಲ ಬರಾಬರ್ ಆಯಿತು. ಗಂಡನ ಖಾತೆ, ಸಂಬಳವಾದ ಮರುದಿನದ ತಾರೀಖು. ಬಿಲ್ಲು ತಾನೇ ಹೋಯಿತು. ಇದನ್ನು ವಾರಗಿತ್ತಿಗೆ ಫೋನಿನಲ್ಲಿ ಹೇಳಿದರೆ ಏನು ಸುಖ? ಅವಳ ಮುಖ ನೋಡುತ್ತ ಹೇಳಬೇಕೆಂದು ಇಸ್ತ್ರಿ ಸೀರೆ ಉಟ್ಟು ಹುಮನಾಬಾದಿನ ಬಸ್ಸು ಹತ್ತಿದೆ. ಆ ತಿಂಗಳು ಅತ್ತೆಯೂ ಅಲ್ಲೇ ಇದ್ದರು.

ಬಸ್ಸಿಳಿದು ನಡೆಯುತ್ತಿದ್ದರೆ ಬಿಲ್ ಕೌಂಟರಿನ ಮುಂದೆ ಉದ್ದನೆಯ ಸಾಲು. ಸಾಲಿನ ನಡುವೆ, ತಲೆಯ ಮೇಲೆ ಸೆರಗು ಹೊದ್ದು, ಬೆವರು ಒರೆಸಿಕೊಳ್ಳುತ್ತ ನನ್ನ ವಾರಗಿತ್ತಿ.

"ಇಲ್ಲಿ ಯಾಕ ನಿಂತಿ?" ಅಂದೆ.

"ನಿಮ್ಮ ಸಲುವಾಗೇ ಅಕ್ಕಾ," ಅಂದಳು ಸಿಟ್ಟಿನಿಂದ. "'ಕಲ್ಯಾಣದಾಕಿ ಬಿಸಲಾಗ ನಿಂತು ತಾನೇ ತುಂಬ್ತಾಳ. ನಿಂದು ಫೋನ್ ತುಂಬ್ತದ, ನೀ ಕುಂತಿರ್ತಿ' ಅಂತ ಅತ್ತಿ ದಿನಾ ಕಿವಿ ಕಡಿತಾರ. ಆಟೋ-ಪೇ ತೆಗಿಸೇಬಿಟ್ಟೆ."

ಅವಳ ಟಿಣ್ ಸದ್ದಿಗೆ ನಾನು ಉರಿದಿದ್ದೆ, ನನ್ನ ಕೊಡೆಗೆ ಅವಳು ಉರಿದಿದ್ದಳು. ನಾನು ತೆತ್ತ ದಂಡಗಳ ಕತೆ ಹೇಳಿದೆ. ಸಾಲು ಮುಗಿಸಿಕೊಂಡು ಇಬ್ಬರೂ ಜೋಡಿಯಾಗಿ ಮನೆಗೆ ಹೋಗಿ ಅತ್ತೆಯ ಮಂಚದ ಮುಂದೆ ನಿಂತೆವು. ಅಲ್ಲೊಂದು ಮಾತು, ಇಲ್ಲೊಂದು ಮಾತು ಯಾಕೆ ಎಂದು ಕೇಳಿದೆವು.

ಅತ್ತೆ ಏನೂ ಮುಚ್ಚಿಡಲಿಲ್ಲ. "ಸೊಸ್ತೇರ ಹೊಟ್ಟಿ ಉರದ್ರ ಅಡಗಿ ರುಚಿ ಆಗ್ತದವ್ವ. ಇಲ್ಲಿ ಕುಂತು ನಿನ್ನ ಹೊಗಳಿದ್ರ ಈಕಿ ಹೋಳಿಗಿ ಮಾಡ್ತಾಳ. ಅಲ್ಲಿ ಕುಂತು ಈಕಿನ್ನ ಹೊಗಳಿದ್ರ ನೀ ಖೀರು ಮಾಡ್ತಿ."

ಆಮೇಲೆ ನಾವಿಬ್ಬರೂ ಒಟ್ಟಿಗೆ ಬಂದದ್ದು ಆಗಷ್ಟೇ ಅರಿವಿಗೆ ಬಂದವರಂತೆ ಅವರ ಮುಖ ಸಣ್ಣದಾಯಿತು.

"ಈಗ ನೀವು ಒಂದಾದ್ರಿ. ನನ್ನ ಊಟದ ಗತಿ ಏನು?"